ಗದ್ದುಗೆ ಮೇಲೆ ಅಪ್ಪನ ರುಮಾಲು

ಆ ಸಿನಿಮಾದಲ್ಲಿ ನಮ್ಮಪ್ಪನ ರುಮಾಲು ನಟಿಸಿದೆ. ಕೊನೆಯಲ್ಲಿ ಸಾಲುಸಾಲಾಗಿ ಮೇಲೇರಿ ಹೋಗುವ ಹೆಸರುಗಳಲ್ಲಿ ಅದರ ಹೆಸರಿಲ್ಲ. ಕುದುರೆ ಕೊಟ್ಟವರ ಹೆಸರಿದೆ, ಚಹಾ ಕಾಸಿದವರ ಹೆಸರಿದೆ, ಕಾನೂನು ಸಲಹೆ ಎಂದು ನನ್ನ ಹೆಸರೂ ಇದೆ, ಕುದುರೆಯವರ ಕೆಳಗೆ. ರುಮಾಲಿನದಿಲ್ಲ. ಆದರೆ ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳು ಆ ಸಿನಿಮಾ ಹಾಕಿದ ದಿನ, ರುಮಾಲಿನ ದೃಶ್ಯ ಬಂದಾಗ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಯಾರೋ ಮೈಕು ಹಿಡಿದು, ಇಂಥ ದೃಶ್ಯ ಬರೆಯಲಿಕ್ಕೆ ಎಂಟೆದೆ ಬೇಕು ಎಂದು ನಿರ್ದೇಶಕರನ್ನು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅದನ್ನು ಯಾರೂ ಬರೆದಿರಲಿಲ್ಲ. ಅದು ನನ್ನ ಕಣ್ಣೆದುರಿಗೆ ತಾನೇ ಆಗಿಹೋದದ್ದು. ಇವತ್ತಿಗೂ ನೆನೆದರೆ ಮೈಮೇಲೆ ಮುಳ್ಳೇಳುತ್ತವೆ.

ನಾನು ಜೇವರ್ಗಿಯಲ್ಲಿ ವಕೀಲಿ ಮಾಡುವವಳು. ಮೂಗಿನ ಮೇಲೇ ಸಿಟ್ಟು ಎಂದು ಕೋರ್ಟಿನಲ್ಲಿ ಹೆಸರಾಗಿದ್ದೇನೆ, ಸುಳ್ಳೇನಲ್ಲ. ಸಿನಿಮಾದವರೆಂದರೆ ಆ ಸಿಟ್ಟು ಒಂದು ಮೊಳ ಹೆಚ್ಚು. ನಮ್ಮ ಕಡೆಯ ಮಾತನ್ನು ಅವರು ನಗಿಸುವವನ ಬಾಯಿಗೆ ಕೊಡುತ್ತಾರೆ, ಇಲ್ಲವೇ ಕೊಡಲಿ ಹಿಡಿದವನ ಬಾಯಿಗೆ. ಪ್ರೀತಿ ಮಾಡುವವನಿಗೆ, ವಿಚಾರ ಮಾಡುವವನಿಗೆ ಬೇರೆ ಕನ್ನಡ. ಹೀಗಿರುವಾಗ ಬೆಂಗಳೂರಿನ ಸಿನಿಮಾ ಮ್ಯಾನೇಜರೊಬ್ಬ ನನ್ನ ಕಚೇರಿಗೆ ಬಂದು, ಯಡ್ರಾಮಿ ಹಾದಿಯಲ್ಲಿರುವ ಒಂದು ಹಳೆಯ ವಾಡೆಮನೆಯೂ ಅದರ ಮಗ್ಗುಲಿನ ಹೊಲವೂ ಶೂಟಿಂಗಿಗೆ ಬೇಕು ಎಂದ. ಆ ಹೊಲದ ಮಾಲೀಕ ನನ್ನ ಕಕ್ಷಿದಾರ. ಸಿಕ್ಕಿದ್ದೇ ಸಂದಿ ಎಂದು ಮ್ಯಾನೇಜರನ್ನು ಸಾಕಷ್ಟು ಹೈರಾಣ ಮಾಡಿದೆ. ಕರಾರಿನಲ್ಲಿ ಒಂದು ಶರತ್ತು ಹಾಕಿದೆ: ಹೊಲದಲ್ಲಿ ತೋಡಿದ ತಗ್ಗು ಯಾವುದೇ ಇರಲಿ, ಅದನ್ನು ಅದೇ ಮಣ್ಣಿನಿಂದ ಮುಚ್ಚಿ, ಮುಂದೆ ಯಾವ ಕಾರಣಕ್ಕೂ ಮತ್ತೆ ತೆಗೆಯದೆ ಮಾಲೀಕರಿಗೆ ಒಪ್ಪಿಸತಕ್ಕದ್ದು.

"ನಾವೇನು ಬಾವಿ ತೋಡಲ್ಲ ಮೇಡಂ. ಒಂದೇ ಒಂದು ಗುಂಡಿ. ಸಮಾಧಿ ಸೀನಿಗೆ" ಎಂದ.

"ಯಾರ ಸಮಾಧಿ?"

ಅವನು ಚೀಲದಿಂದ ಒಂದು ದಪ್ಪ ಕಾದಂಬರಿ ತೆಗೆದು ಮೇಜಿನ ಮೇಲಿಟ್ಟ. ಸಿನಿಮಾ ಅದರಿಂದಲೇ ಮಾಡುತ್ತಿರುವುದು, ಓದಿ ನೋಡಿ ಎಂದು ಹೇಳಿ ತಪ್ಪಿಸಿಕೊಂಡು ಹೋದ.

ಕಂಪನಿ ಸರಕಾರದ ಪಲ್ಟನ್ ನಮ್ಮ ಸೀಮೆಗೆ ನುಗ್ಗಿದ ಕಾಲದ ಕತೆ ಅದು. ಒಂದು ಸಣ್ಣ ವಾಡೆಯ ದೇಸಾಯಿ ಕೈಲಿದ್ದ ನಾಲ್ಕು ಬಂದೂಕು ನೆಚ್ಚಿ ಎದುರು ನಿಲ್ಲುತ್ತಾನೆ. ಯುದ್ಧ ಅರ್ಧ ಪುಸ್ತಕಕ್ಕೇ ಮುಗಿಯುತ್ತದೆ, ವಾಡೆಯವರು ಸೋಲಲಿಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಉಳಿದರ್ಧ ರಾಜಕಾರಣ. ದೇಸಾಯಿಯನ್ನು ಗುಂಡಿಟ್ಟು ಕೊಂದ ಕಂಪನಿಯವರು ಅವನ ದೇಹವನ್ನು ಮನೆಗೆ ಕೊಡುವುದಿಲ್ಲ. ತಮ್ಮನನ್ನು ಕರೆಸಿ, ನಮ್ಮ ಆಳ್ವಿಕೆಗೆ ಒಪ್ಪಿ ರುಜು ಹಾಕು, ಅಣ್ಣನನ್ನು ಒಯ್ಯಿ ಎನ್ನುತ್ತಾರೆ. ರುಜು ಹಾಕಿದರೆ ಅಣ್ಣ ಸುಮ್ಮನೆ ಸತ್ತಂತೆ, ಹಾಕದಿದ್ದರೆ ಅಣ್ಣನಿಗೆ ಮಣ್ಣಿಲ್ಲ. ನಾನು ತಪ್ಪು ಹುಡುಕಲೆಂದೇ ಓದತೊಡಗಿದ್ದೆ. ಆದರೆ ಒಂದು ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚಿ ಎದ್ದು ನಿಂತೆ. ಬರೆದವರನ್ನು ನಾನು ಕಂಡವಳಲ್ಲ, ಅವರು ನಮ್ಮ ಮನೆಯನ್ನು ಕಂಡವರಲ್ಲ. ಆದರೂ ನಮ್ಮವ್ವನ ಮಗ್ಗುಲಲ್ಲಿ ಕೂತು ಬರೆದ ಹಾಗಿತ್ತು.

ಯಾಕೆ ಹಾಗೆ ಅನ್ನಿಸಿತು ಎಂದು ಹೇಳಬೇಕಾದರೆ ಅಪ್ಪನ ಸಾವಿನ ಮಾತು ತೆಗೆಯಬೇಕು.

ಅಪ್ಪನದು ಆಳಂದದಲ್ಲಿ ರೈತರ ತೊಗರಿ ಮಾರಿಕೊಡುವ ಅಡತಿ ಅಂಗಡಿ. ಹಗಲೆಲ್ಲ ತೊಗರಿ, ಸಂಜೆಯಾದರೆ ಭಜನೆ. ಜಿಡಗಾದ ಹಾದಿಯಲ್ಲಿರುವ ನಮ್ಮ ಹಳ್ಳಿಯ ಮಂಡಳಿಯಲ್ಲಿ ತಾಳ ಹಾಕುತ್ತಿದ್ದ. ಪದ ಏರುವ ಜಾಗಕ್ಕೆ ಬಂದರೆ ಅವನಿಗೆ ಮೈಮರೆತು ಒಂದು ತಾಳ ತಪ್ಪುತ್ತಿತ್ತು, ಅದಕ್ಕೆ ಮಂಡಳಿಯವರು ಜೀವನವಿಡೀ ಅವನನ್ನು ಕಾಡಿಸಿದರು. ಕೊರೊನಾದ ಎರಡನೇ ಅಲೆಯಲ್ಲಿ ಕಲಬುರಗಿಯ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ದೇಹವನ್ನು ಮನೆಗೆ ಕೊಡಲಿಲ್ಲ. ಊರ ಹೊರಗೆಲ್ಲೋ, ಮೈತುಂಬ ಮುಚ್ಚಿಕೊಂಡ ಅಪರಿಚಿತರು ಮಣ್ಣು ಮಾಡಿದರು. ನಮ್ಮಣ್ಣ ದೂರದಲ್ಲಿ ನಿಂತು ನೋಡಿದ.

ಲಿಂಗ ಕಟ್ಟಿಕೊಂಡ ನಮ್ಮಂಥವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ, ಪೂಜೆಗೆ ಕೂತವರ ಹಾಗೆ ಗದ್ದುಗೆಯ ಮೇಲೆ ಕೂಡಿಸುತ್ತೇವೆ. ಮುಂದೆ ಭಜನೆ ನಡೆಯುತ್ತದೆ. ಬಂದವರು ಬಿಲ್ವಪತ್ರಿ ಹಾಕಿ ಶರಣಾರ್ಥಿ ಹೇಳಿ ಹೋಗುತ್ತಾರೆ. ಕೂತವರು ಕೂತ ಹಾಗೆಯೇ ಮಣ್ಣಿಗೆ ಹೋಗಿ ತಗ್ಗಿನೊಳಗೆ ಕೊರೆದ ಗೂಡಿನಲ್ಲಿ ಕೂಡುತ್ತಾರೆ. ಅಪ್ಪ ಎಷ್ಟು ಮಂದಿಯ ಮುಂದೆ ಹೀಗೆ ಕೂತು ತಾಳ ಹಾಕಿದ್ದನೋ, ಲೆಕ್ಕವಿಲ್ಲ.

ಅವತ್ತು ಅವ್ವ ಫೋನಿನಲ್ಲಿ ಅಣ್ಣನನ್ನು ಕೇಳಿದ್ದು ಒಂದೇ ಮಾತು. "ಕುಂದ್ರಿಸಿದ್ರೇನೋ?"

ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಇಲ್ಲವ್ವಾ. ಮಲಗಿಸಿದ್ರು."

ಅಂದಿನಿಂದ ಅವ್ವ ಮಲಗಲಿಲ್ಲ. ನಿದ್ದೆ ಮಾಡುತ್ತಿದ್ದಳು, ಆದರೆ ಅಡ್ಡಾಗುತ್ತಿರಲಿಲ್ಲ. ಗೋಡೆಗೆ ದಿಂಬು ಆನಿಸಿ, ಕಾಲು ಮಡಚಿಕೊಂಡು, ಕೂತೇ ಕಣ್ಣು ಮುಚ್ಚುತ್ತಿದ್ದಳು. ಆಳಂದದ ಮನೆಯಲ್ಲೂ ಹಾಗೇ, ಜೇವರ್ಗಿಗೆ ನನ್ನ ಮನೆಗೆ ಬಂದರೂ ಹಾಗೇ. ಮೊಣಕಾಲು ಬಾತವು, ಸೊಂಟ ಹಿಡಿಯಿತು. ಡಾಕ್ಟರು ಬೈದರು. ಅವ್ವ ಹೌದ್ರಿ ಎಂದಳು. ಮಠದ ಅಯ್ಯನವರು ಬಂದು, ಲಿಂಗ ಕೊರಳಲ್ಲಿದ್ದವನಿಗೆ ಭೂಮಿಯೆಲ್ಲ ಗದ್ದುಗೆಯೇ ತಾಯಿ, ಮಲಗಿದರೇನು ಕೂತರೇನು ಎಂದು ಸಮಾಧಾನ ಹೇಳಿದರು. ಅವರಿಗೂ ಹೌದ್ರಿ ಎಂದು ಹಾಲು ಕೊಟ್ಟು ಕಳಿಸಿ, ಮತ್ತೆ ಗೋಡೆಗೆ ಹೋದಳು. ನಮ್ಮ ಕಡೆ ಹೌದ್ರಿ ಎಂದರೆ ನಿಮ್ಮ ಮಾತು ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿದ್ದೇನೆ ಎಂದಲ್ಲ. ನಾನು ಜಗಳವನ್ನೇ ಮಾಡಿದೆ. "ಅವರಿಗೆ ಕೂಡಾಕ ಸಿಗಲಿಲ್ಲ ಬೇ. ನಾ ಹ್ಯಾಂಗ ಕಾಲ್ ಚಾಚಲಿ?" ಎಂದಳು. ವಾದ ಮಾಡಿ ತುತ್ತು ಉಣ್ಣುವ ನಾನು ಎದ್ದು ಅವಳ ಬೆನ್ನಿಗೆ ಇನ್ನೊಂದು ದಿಂಬು ಇಟ್ಟೆ.

ಅವ್ವ ನನ್ನ ಮನೆಯಲ್ಲಿದ್ದಾಗಲೇ ಆ ಕಾದಂಬರಿ ಬಂದದ್ದು. ಒಂದು ಮಧ್ಯಾಹ್ನ ಆ ಅಧ್ಯಾಯವನ್ನು ಅವಳಿಗೆ ಓದಿ ಹೇಳಿದೆ. ದೇಸಾಯಿಯ ತಮ್ಮ ರುಜು ಹಾಕದೆ ಬರಿಗೈಲಿ ವಾಡೆಗೆ ಬರುತ್ತಾನೆ. ಆಗ ಮನೆಯವರು ಗದ್ದುಗೆ ಹಾಕಿ, ಅದರ ಮೇಲೆ ಸತ್ತವನ ಶಾಲು ಹೊದಿಸಿ, ಶಾಲಿನ ಮೇಲೆ ಅವನ ರುಮಾಲು ಕೂಡಿಸಿ, ಅದರ ಮುಂದೆ ಭಜನೆ ಮಾಡುತ್ತಾರೆ. ಆಮೇಲೆ ರುಮಾಲನ್ನೇ ಗೂಡಿನಲ್ಲಿಟ್ಟು ಮಣ್ಣು ಕೊಡುತ್ತಾರೆ.

ಹೆರಳು ಬಿಚ್ಚಿಕೊಂಡು ಕೂತಿದ್ದ ಅವ್ವ ಬಾಚಣಿಗೆ ಕೆಳಗಿಟ್ಟಳು. "ಹಿಂಗೂ ಮಾಡ್ತಾರೇನು?"

"ಕಾದಂಬರಿ ಅದವ್ವಾ. ಬರದವರು ಮನಸಿಗೆ ಬಂದಂಗ ಬರದಾರ. ಪುರಾವೆ ಏನೂ ಇಲ್ಲ."

"ನಿನ್ನ ಪುರಾವೆ ನಿನ್ನ ಕೋರ್ಟಿನಾಗ ಇಟ್ಕೊ. ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದೆ. ಅವ್ವ ಕೇಳಿ, ಹೆರಳು ಹಾಕಿಕೊಂಡು ಎದ್ದಳು. ಮುಂದೆ ಮ್ಯಾನೇಜರ್ ಬಂದು, ಖರೇ ಭಜನೆಯವರು ಬೇಕಿತ್ತು, ಎಲ್ಲಿ ಸಿಗುತ್ತಾರೆ ಎಂದು ನನ್ನನ್ನು ಕೇಳಿದಾಗ ಅಡುಗೆಮನೆಯಿಂದ ಉತ್ತರ ಬಂತು. "ನಮ್ಮೂರ ಮಂಡಳಿ ಕರಸ್ರಿ." ಅಷ್ಟಕ್ಕೇ ನಿಲ್ಲಲಿಲ್ಲ. ಕಲಾ ವಿಭಾಗದವರು ತಂದ ರುಮಾಲು ಬಾಡಿಗೆ ಮದುಮಗನದರಂತೆ ಮಿರಮಿರ ಮಿಂಚುತ್ತಿದೆ, ಹಳೆಯದೊಂದು ಬೇಕು ಎಂದು ಅವನು ಹೇಳಿದ್ದೇ ತಡ, ಅಣ್ಣನಿಗೆ ಫೋನು ಹಚ್ಚಿದಳು. ಗೂಟದ ಮೇಲಿನ ರುಮಾಲನ್ನು ಮಂಡಳಿಯವರ ಕೈಲಿ ಕಳಿಸು ಎಂದಳು.

ಗೂಟದ ಮೇಲಿನ ರುಮಾಲು ಅಪ್ಪ ಕಡೆಯ ಸಲ ಸುತ್ತಿದ್ದು. ಆಸ್ಪತ್ರೆಗೆ ಹೊರಡುವಾಗ ಜ್ವರದಲ್ಲೂ ಸುತ್ತಿಕೊಂಡು, ತಲೆ ಭಾರ ಎಂದು ಬಾಗಿಲಲ್ಲೇ ತೆಗೆದು ಅವ್ವನ ಕೈಗೆ ಕೊಟ್ಟಿದ್ದ. ಅದರ ಒಂದು ಸುತ್ತನ್ನೂ ಅವ್ವ ಬಿಚ್ಚಿರಲಿಲ್ಲ. ಅದನ್ನು ಸಿನಿಮಾದವರಿಗೆ ಕೊಡುತ್ತಾಳೆಂದರೆ ನನಗೆ ತಲೆ ಕೆಟ್ಟಿತು.

"ಅಲ್ಲಿ ಎಲ್ಲಾ ಸೋಗು ಇರ್ತದವ್ವಾ. ಸೋಗಿನ ಗದ್ದುಗಿ, ಸೋಗಿನ ಅಳು. ಅಲ್ಲಿ ಹೋಗಿ ಅಪ್ಪನ್ನ ಕುಂದ್ರಿಸ್ತೀಯೇನು?"

"ಗದ್ದುಗಿ ಸೋಗಿಂದು ಇರಲಿ ಬಿಡು. ರುಮಾಲ್ ಖರೇದ ಅದ."

"ನಡುವ ಕಟ್ ಅಂತಾರ, ಎಲ್ಲಾ ಎತ್ತಿ ಒಗೀತಾರ. ಅಪ್ಪನ್ನ ಇನ್ನೊಮ್ಮೆ ನಮ್ಮ ಕೈಯಿಂದ ಕಸಗೊಂಡಂಗ ಆಗ್ತದ. ಆವಾಗ ಏನ್ ಮಾಡ್ತಿ?"

ಅವ್ವ ಒಲೆಯ ಕಡೆ ತಿರುಗಿದಳು. ಅವಳಿಗೂ ಆ ಹೆದರಿಕೆ ಇತ್ತು. ನನಗಂತೂ ಅದೊಂದೇ ಹೆದರಿಕೆ. ಅರ್ಧಕ್ಕೆ ಎಬ್ಬಿಸಿಬಿಟ್ಟರೆ ಇವಳು ಇನ್ನೆಂದೂ ಗೋಡೆ ಬಿಡುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಶೂಟಿಂಗಿನ ಬೆಳಿಗ್ಗೆ ಮಂಡಳಿಯವರು ಕ್ರೂಸರ್ ಗಾಡಿಯಲ್ಲಿ ಅಫಜಲಪುರದ ಮೇಲೆ ಹಾಯ್ದು, ಭೀಮಾ ಹೊಳೆ ದಾಟಿ ಬಂದರು. ಹಾರ್ಮೋನಿಯಂ ಪೇಟಿ ಬಾರಿಸುವ ಹಿರಿಯರು, ಅಪ್ಪನ ಜೊತೆಯವರು, ರುಮಾಲಿನ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಅಫಜಲಪುರದಲ್ಲಿ ಎಲ್ಲರೂ ಚಹಾಕ್ಕೆ ಇಳಿದರೆ ಇವರು ಇಳಿಯಲಿಲ್ಲವಂತೆ. ಕಲಾ ವಿಭಾಗದ ಹುಡುಗಿ ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಒಂದು ಎಳೆ ಬಿಚ್ಚಿದರೂ ಕೇಸು ಹಾಕ್ತೇನಿ ನೋಡು" ಎಂದು ಹೆದರಿಸಿದೆ. ಅವಳು ಉಸಿರು ಬಿಗಿಹಿಡಿದು ರುಮಾಲನ್ನು ವಾಡೆಯ ಪಡಸಾಲೆಯ ಗದ್ದುಗೆಯ ಮೇಲೆ, ಶಾಲಿನ ಮೇಲೆ ಕೂಡಿಸಿದಳು.

ನಿರ್ದೇಶಕರು ದೃಶ್ಯ ವಿವರಿಸಿದರು. ಭಜನೆ ನಡೆಯುತ್ತಿರುತ್ತದೆ. ಕಂಪನಿ ಸಾಹೇಬ ಸಿಪಾಯಿಗಳ ಜೊತೆ ಒಳಗೆ ಬಂದು ನಿಲ್ಲಿಸಿ ಎಂದು ಒದರುತ್ತಾನೆ. ಎಲ್ಲರೂ ಹೆದರಿ ಸುಮ್ಮನಾಗಬೇಕು. ಆ ಮೌನದಲ್ಲಿ ದೇಸಾಯಿಯ ತಮ್ಮ ಮುಂದೆ ಬಂದು ದೊಡ್ಡ ಮಾತೊಂದನ್ನು ಹೇಳುತ್ತಾನೆ. "ಸಾಹೇಬ ಒದರಿದ ಕೂಡಲೇ ಭಜನೆ ನಿಲ್ಲಬೇಕು. ತಿಳೀತಾ?" ಎಂದು ಮಂಡಳಿಯವರನ್ನು ಕೇಳಿದರು.

ಹಿರಿಯರು ರುಮಾಲನ್ನು ನೋಡಿದರು. "ಹೌದ್ರಿ" ಎಂದರು.

ನನಗೆ ಅಲ್ಲೇ ಸಂಶಯ ಬಂತು.

ಶುರು ಎಂದ ಕೂಡಲೇ ಪೇಟಿ ಎದ್ದಿತು, ತಬಲಾ ಸೇರಿತು. ಊರೂರುಗಳಿಂದ ಕರೆತಂದ ಗಂಡಸರು ಹೆಂಗಸರು ನೆಲದ ಮೇಲೆ ಕೂತಿದ್ದರು. ಅವ್ವ ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಪದ ಏರುವ ಜಾಗ ಬಂತು. ಈಗಿನ ತಾಳದವನು ಅಲ್ಲಿ ಒಂದು ತಾಳ ಬಿಟ್ಟ, ಅಪ್ಪ ತಪ್ಪುತ್ತಿದ್ದ ಜಾಗದಲ್ಲೇ. ಬೇಕೆಂದೇ ಬಿಟ್ಟನೋ, ತಾನಾಗಿ ತಪ್ಪಿತೋ, ನಾನು ಕೇಳಿಲ್ಲ. ಅವ್ವ ತಲೆ ಎತ್ತಿದ್ದನ್ನು ಮಾತ್ರ ನೋಡಿದೆ.

ಸಾಹೇಬನ ಪಾತ್ರದವನು ಕೆಂಪು ಕೋಟಿನಲ್ಲಿ ಬೆವರುತ್ತ ನುಗ್ಗಿದ. ದೂರದ ದೇಶದವನು, ಮಾತು ಬಾಯಿಪಾಠ ಮಾಡಿಕೊಂಡಿದ್ದ. "ಬಂದ್ ಕರೋ!" ಎಂದು ಗರ್ಜಿಸಿದ. ಭಜನೆ ನಿಲ್ಲಲಿಲ್ಲ. ಇನ್ನೊಮ್ಮೆ ಗರ್ಜಿಸಿದ. ನಿಲ್ಲಲಿಲ್ಲ. "ಕಟ್!" ಎಂದರು ನಿರ್ದೇಶಕರು. ಅದಕ್ಕೂ ನಿಲ್ಲಲಿಲ್ಲ. ಸಹಾಯಕನೊಬ್ಬ ಕೈ ಬೀಸುತ್ತ ಓಡಿದ. ಹಿರಿಯರು ಕಣ್ಣು ತೆರೆಯದೆ, ಒಂದು ಕೈಯಿಂದ ಅವನಿಗೆ ಜರಾ ತಡಿ ಎಂದು ಸನ್ನೆ ಮಾಡಿ ಮುಂದಿನ ಪದ ಎತ್ತಿಕೊಂಡರು.

ಮ್ಯಾನೇಜರ್ ನನ್ನ ಬಳಿ ಬಂದ. "ಮೇಡಂ, ನಿಲ್ಲಿಸೋಕೆ ಹೇಳಿ!"

"ಕೂತವರ ಮುಂದೆ ಶುರುವಾದ ಭಜನೆ ಮಂಗಳ ಹಾಡದೆ ನಿಲ್ಲೋದಿಲ್ಲ."

"ಆದರೆ ಅಲ್ಲಿ ಯಾರೂ ಕೂತಿಲ್ಲವಲ್ಲ ಮೇಡಂ!"

ಅವನ ತೋಳು ಹಿಡಿದು ಗದ್ದುಗೆಯ ಕಡೆ ತಿರುಗಿಸಿದೆ. ಅಷ್ಟರಲ್ಲಿ ನಿರ್ದೇಶಕರು ಕೈ ಎತ್ತಿ ತಮ್ಮವರನ್ನೆಲ್ಲ ಇದ್ದಲ್ಲೇ ನಿಲ್ಲಿಸಿದರು. ಕ್ಯಾಮೆರಾ ಬಂದ್ ಆಗಿರಲೇ ಇಲ್ಲ.

ಸಾಹೇಬ ಏನು ಮಾಡಬೇಕೆಂದು ತಿಳಿಯದೆ ಮಂದಿಯ ನಡುವೆ ನಿಂತೇ ಇದ್ದ. ಸತ್ತವರ ಮನೆಗೆ ತಡವಾಗಿ ಬಂದು ಎಲ್ಲಿ ಕೂಡಬೇಕೆಂದು ತಿಳಿಯದೆ ನಿಲ್ಲುವವರು ಇರುತ್ತಾರಲ್ಲ, ಹಾಗೆ. ಒಬ್ಬ ಮುದುಕಿ ಮಗ್ಗುಲಿಗೆ ಸರಿದು ಜಾಗ ಮಾಡಿ ಅವನ ಕೋಟು ಜಗ್ಗಿದಳು. "ನಿಂತಿ ಯಾಕೋ ಯಪ್ಪಾ, ಕುಂದ್ರು" ಎಂದಳು. ಅವನು ಟೋಪಿ ತೆಗೆದು, ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಅವನ ಹಿಂದೆ ಸಿಪಾಯಿಗಳೂ ಕೂತರು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ದೇಹ ಕೊಡುವುದಿಲ್ಲ ಎಂದ ಸರಕಾರವೇ ಬಂದು ರುಮಾಲಿನ ಮುಂದೆ ಕಾಲು ಮಡಚಿ ಕೂತಿತ್ತು, ಒಬ್ಬ ಮುದುಕಿ ಕೂಡು ಎಂದದ್ದಕ್ಕೆ.

ಆಗ ಅವ್ವ ಎದ್ದಳು. ಮಂದಿಯ ನಡುವೆ ದಾರಿ ಮಾಡಿಕೊಂಡು, ಬಾತ ಮೊಣಕಾಲು ಒತ್ತಿ ಹಿಡಿದು ಗದ್ದುಗೆಯ ತನಕ ಹೋದಳು. ರುಮಾಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬಿಲ್ವಪತ್ರಿ ಹಾಕಿದಳು. ಹಣೆಯನ್ನು ಗದ್ದುಗೆಗೆ ಹಚ್ಚಿ, "ಈಗ ಕುಂತ್ರಲ್ಲ" ಎಂದಳು. ಮನೆಯಲ್ಲಿ ಊಟಕ್ಕೆ ತಡಮಾಡಿ ಕೂತ ಅಪ್ಪನಿಗೆ ಹೇಳುವ ದನಿಯಲ್ಲೇ ಹೇಳಿದಳು. "ಶರಣಾರ್ಥಿರಿ. ಬರ್ತೇನಿ."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ಒಬ್ಬ ಗಂಡಸು. ಆಮೇಲೆ ಸಾಲು ಹಚ್ಚಿದರು. ನಮ್ಮಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಪತ್ರಿ ಹಾಕುವಾಗ ಒಬ್ಬೊಬ್ಬರೂ ಒಂದೊಂದು ಹೆಸರು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಕೊರೊನಾದ ವರ್ಷ ತಮ್ಮವರನ್ನು ಮಲಗಿಸಿ ಬಂದವರು ನಮ್ಮ ಮನೆಯವರೊಬ್ಬರೇ ಆಗಿರಲಿಲ್ಲವಲ್ಲ. ಕಲಾ ವಿಭಾಗದ ಹುಡುಗಿಯೂ ಸಾಲಿನಲ್ಲಿ ನಿಂತಿದ್ದಳು. ಕೊನೆಗೆ ನಾನೂ ಹೋದೆ. ಅಪ್ಪಾ ಎಂದೆ. ಅತ್ತುಬಿಟ್ಟೆ.

ಮಂಗಳ ಹಾಡಿ, ಪೇಟಿ ಮುಚ್ಚಿ, ಹಿರಿಯರು ನಿರ್ದೇಶಕರ ಕಡೆ ತಿರುಗಿದರು. "ಹಾಂ, ಇನ್ನ ನಿಮ್ಮ ಶೂಟಿಂಗ್ ಮಾಡ್ಕೋರಿ."

ಯಾರೂ ನಗಲಿಲ್ಲ. ತಮ್ಮನ ಪಾತ್ರದವನು ಆ ದೊಡ್ಡ ಮಾತು ಹೇಳಲೇ ಇಲ್ಲ. ಸಿನಿಮಾದಲ್ಲೂ ಅದಿಲ್ಲ.

ಮಣ್ಣು ಕೊಡುವ ದೃಶ್ಯಕ್ಕೆ ಅವರು ಬೇರೆ ರುಮಾಲು ತಯಾರಿಟ್ಟಿದ್ದರು. ನಿರ್ದೇಶಕರು ತಾವೇ ಅಪ್ಪನದನ್ನು ಡಬ್ಬಿಗೆ ಹಾಕಿ ಅವ್ವನ ಮುಂದೆ ಹಿಡಿದರು. ಅವ್ವ ಕೈ ಚಾಚಲಿಲ್ಲ. "ಗದ್ದುಗಿಯಿಂದ ಎದ್ದ ಮ್ಯಾಲ ತಿರುಗಿ ಮನಿಗೆ ಕರಕೊಂಡು ಹೋಗ್ತಾರೇನ್ರಿ? ಗೂಡಿನಾಗ ಇದನ್ನ ಇಡ್ರಿ" ಎಂದಳು. ಹೊಲದ ತಗ್ಗಿನಲ್ಲಿ ಗೂಡು ಕೊರೆದಿದ್ದರು. ಹಿರಿಯರೇ ಇಳಿದು ರುಮಾಲನ್ನು ಅದರೊ‍ಳಗೆ ಕೂಡಿಸಿದರು. ವಿಭೂತಿ ಬಿತ್ತು, ಪತ್ರಿ ಬಿತ್ತು, ಆಮೇಲೆ ಎಲ್ಲರ ಹಿಡಿಮಣ್ಣು. ಕ್ಯಾಮೆರಾ ಇತ್ತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಕಕ್ಷಿದಾರ, ಹೊಲದ ಮಾಲೀಕ, ಕಪ್ಪು ಎರಿಮಣ್ಣು ಎಳೆದು ಮುಚ್ಚಿ, ಕೈ ಝಾಡಿಸಿಕೊಂಡು ನನ್ನ ಬಳಿ ಬಂದ.

"ಇದನ್ನ ಮುಂದ ಯಾರೂ ತೆಗಿಯಂಗಿಲ್ಲಲ್ರಿ ವಕೀಲರ? ನೀವ ಬರದೀರಿ."

"ತೆಗಿಯಂಗಿಲ್ಲ" ಎಂದೆ. ಸಿನಿಮಾದವರನ್ನು ಕಾಡಿಸಲೆಂದು ಬರೆದ ಶರತ್ತು ಅದು. ಅದಕ್ಕಿಂತ ಒಳ್ಳೆಯ ಕಾಗದವನ್ನು ನಾನು ಇನ್ನೂ ಬರೆದಿಲ್ಲ.

ಹೊತ್ತು ಇನ್ನೂ ಮೇಲಿತ್ತು. ಜೇವರ್ಗಿಗೆ ಹೊರಟೆವು. ನಾನು ಮುಂದೆ ಡ್ರೈವರನ ಮಗ್ಗುಲಿಗೆ ಕೂತಿದ್ದೆ, ಅವ್ವ ಹಿಂದೆ ಒಬ್ಬಳೇ. ಎಲ್ಲ ಒಂದು ಕಡೆ, ಒಳಗೊಳಗೇ ನನ್ನ ಹೆದರಿಕೆ ಒಂದು ಕಡೆ. ಒಂದು ರುಮಾಲಿನಿಂದ ಏನಾದೀತು, ಮನೆಗೆ ಹೋದ ಮೇಲೆ ಮತ್ತೆ ಅದೇ ಗೋಡೆಯೇನೋ ಎಂದುಕೊಳ್ಳುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ, "ನೀರು ಬೇಕೇನವ್ವಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ.

ಅವ್ವ ಸೀಟಿನ ಉದ್ದಕ್ಕೂ ಅಡ್ಡಾಗಿದ್ದಳು. ಸೆರಗು ಮಡಿಸಿ ತಲೆಗೆ ಇಟ್ಟುಕೊಂಡಿದ್ದಳು. ಕಾಲು ಹಿಡಿಸದೆ ಒಂದು ಪಾದ ಬಾಗಿಲಿಗೆ ತಾಗಿತ್ತು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಡ್ರೈವರ್ ಹಾಡು ಹಚ್ಚಲು ಕೈ ಚಾಚಿದ. ಅವನ ಕೈ ಹಿಡಿದೆ. "ಹಾಡು ಬ್ಯಾಡೋ" ಎಂದೆ. "ಮಲಗ್ಯಾಳ. ತಗ್ಗು ನೋಡಿ ಸಾವಕಾಶ ಹೊಡಿ."